ಒಂಬತ್ತನೇ ನಂಬರಿನ ಚಾಕು

ಮಾರ್ಚ್ 3, ಸೋಮವಾರ

ಮ್ಯಾನೇಜರು ಬೆಳಿಗ್ಗೆ ಸ್ಟೋರಿಗೇ ಇಳಿದು ಬಂದರು. ಅವರು ಇಲ್ಲಿಗೆ ಬರುವುದು ವರ್ಷಕ್ಕೆ ಎರಡು ಸಲ, ಎರಡು ಸಲವೂ ಏನಾದರೂ ನನ್ನ ತಲೆಗೆ ಕಟ್ಟುವುದಕ್ಕೇ. ಕೌಂಟರಿನ ಮೇಲೆ ಎರಡು ಚಾಕು ಇಟ್ಟರು. ಒಂದು, ದೊಡ್ಡ ಹಡಗುಗಳನ್ನು ಎಳೆಯುವ ನಮ್ಮ ಟಗ್ ದೋಣಿಗಳ ಡೆಕ್ ಕೆಲಸಗಾರರೆಲ್ಲ ಜೇಬಿನಲ್ಲಿಟ್ಟುಕೊಳ್ಳುವ ಮಡಚುವ ಚಾಕು. ಇನ್ನೊಂದು ಮಡಚದ್ದು, ಒರೆಯಲ್ಲಿ ಕೂರುವಂಥದ್ದು.

“ತಿಂಗಳ ಕೊನೇ ಒಳಗೆ ಹೇಳ್ಬೇಕು ನೀವು. ಎಲ್ರಿಗೂ ಇದೋ, ಅದೋ. ಕಾರಣ ಬರೆದು ಸಹಿ ಹಾಕಿ ಕೊಡಿ.”

“ನಾನ್ಯಾಕೆ ಸಾರ್?”

“ಮೂವತ್ತೊಂದು ವರ್ಷದಿಂದ ಈ ಜೆಟ್ಟೀಲಿ ಚಾಕು ಮಸೀತಿರೋರು ಇನ್ಯಾರಿದ್ದಾರೆ?”

ಮಾತು ನಿಜ. ಹಾಗಾಗಿ ಈ ಪುಸ್ತಕ ತೆಗೆದೆ. ಲೈಫ್ ಜಾಕೆಟ್ ತಪಾಸಣೆಯ ಹಳೆಯ ಪುಸ್ತಕ, ಅರ್ಧಕ್ಕರ್ಧ ಖಾಲಿ. ತೋಚಿದ್ದನ್ನೆಲ್ಲ ಮೊದಲು ಇದರಲ್ಲಿ ಗೀಚಿಕೊಂಡು ಆಮೇಲೆ ಶುದ್ಧಪ್ರತಿ ಮಾಡಿದರಾಯಿತು. ಇದನ್ನು ಓದುವವರು ಯಾರೂ ಇಲ್ಲ.

ಇಂದು ಚಾಕು ದಿನವೂ ಆಗಿತ್ತು. ತಿಂಗಳ ಮೊದಲ ಸೋಮವಾರ ಎರಡೂ ಟಗ್ಗಿನವರು ತಂತಮ್ಮ ಚಾಕುವನ್ನು ತಂದು ನನ್ನ ಮರದ ತಟ್ಟೆಯ ಗೂಡುಗಳಲ್ಲಿ ಇಡುತ್ತಾರೆ. ಹಿಡಿಯ ಮೇಲೆ ನಂಬರು ಹೊಡೆದಿದೆ. ನಾನು ಉಪ್ಪು ತೊಳೆದು, ಮಸೆದು, ಎಣ್ಣೆ ಬಿಟ್ಟು, ಅಲುಗಾಡುವ ಅಲಗನ್ನು ಬಿಗಿ ಮಾಡಿ ಸಂಜೆಗೆ ಕೊಡುತ್ತೇನೆ. ಕೌಂಟರಿನ ಮುಂದೆ ನಿಂತು ತೆರೆದು ನೋಡುವ ಹಾಗಿಲ್ಲ. ನನ್ನ ಕೆಲಸದ ಮೇಲೆ ನಂಬಿಕೆ ಇಲ್ಲದವರು ಬೇರೆಲ್ಲಾದರೂ ಮಸೆಸಿಕೊಳ್ಳಲಿ. ಹಾಗಾಗಿ ಎಲ್ಲರೂ ತಲೆ ತಗ್ಗಿಸಿ ಜೇಬಿಗೆ ಹಾಕಿಕೊಂಡು ಹೋಗುತ್ತಾರೆ, ಓಣಿಯ ತಿರುವಿನಾಚೆ ಹೋದ ಮೇಲೆ ಒಬ್ಬೊಬ್ಬರೇ ತೆರೆದು ನೋಡುತ್ತಾರೆ. ಟಕ್, ಟಕ್. ನನಗೆ ಕೇಳಿಸುವುದಿಲ್ಲ ಅಂದುಕೊಂಡಿದ್ದಾರೆ.

ಇಂದು ಬಂದದ್ದು ಹದಿಮೂರು ಚಾಕು. ಹದಿಮೂರು ಟಕ್ ಎಣಿಸಿದೆ. ಆಮೇಲೂ ಕಿವಿಗೊಟ್ಟು ನಿಂತೇ ಇದ್ದೆ.

ಒಂಬತ್ತನೇ ನಂಬರು ನನ್ನ ಅಳಿಯನದು. ಒಬ್ಬಳೇ ಮಗಳ ಗಂಡ. ಫೆಬ್ರುವರಿ ಹನ್ನೆರಡರ ಮಧ್ಯಾಹ್ನ ದೊಡ್ಡ ಹಡಗಿನವರು ಮೇಲಿಂದ ಎಳೆಹಗ್ಗ ಎಳೆದುಕೊಳ್ಳುವಾಗ ಅದರ ಒಂದು ಸುರುಳಿ ಅವನ ಎಡಗೈಯ ಮಣಿಕಟ್ಟಿಗೆ ಬಿತ್ತು. ಕೂಗಿದ್ದು ಮೇಲಿನವರಿಗೆ ಕೇಳಿಸಲಿಲ್ಲ. ಹಗ್ಗ ಅವನನ್ನು ಡೆಕ್ಕಿನ ಉದ್ದಕ್ಕೂ ಎಳೆದು, ಕಟಕಟೆ ದಾಟಿಸಿ, ಹಡಗಿಗೂ ದೋಣಿಗೂ ನಡುವೆ ಕೆಡವಿತು. ಮೇಲೆತ್ತಿದಾಗ ಬಲಗೈಯಲ್ಲಿ ಚಾಕು ಇತ್ತು. ಮಡಚಿದ ಹಾಗೇ ಇತ್ತು.

ಮ್ಯಾನೇಜರು ಹೊರಡುವಾಗ ಅದನ್ನೇ ಅಂದರು. “ಕೈಯಲ್ಲಿದ್ರೂ ತೆಗೀಲಿಲ್ವಲ್ಲ ಪಾಪ. ಒರೆ ಚಾಕು ಆಗಿದ್ದಿದ್ರೆ ಏನಾಗ್ತಿತ್ತು, ನೀವೇ ಹೇಳಿ.”

ಮಾರ್ಚ್ 5, ಬುಧವಾರ

ಒರೆ ಚಾಕು. ತುದಿಯಿಂದ ಹಿಡಿಯ ತಳದವರೆಗೆ ಒಂದೇ ಉಕ್ಕು. ಕೀಲಿಲ್ಲ, ಸ್ಕ್ರೂ ಇಲ್ಲ. ಎಳೆ, ಕೊಯ್ಯಿ, ಮುಗಿಯಿತು. ಬಿಗಿದ ಗಂಟಿಗೆ ತೂರಿಸಿ ಮೀಟಿದರೂ ತಡೆದುಕೊಳ್ಳುತ್ತದೆ. ಆದರೆ ಸೊಂಟದ ಪಕ್ಕ ಚಾಚಿಕೊಂಡಿರುತ್ತದೆ, ಹಗ್ಗ ಅದಕ್ಕೇ ಸಿಕ್ಕಿಕೊಳ್ಳಬಹುದು. ಕೂತರೆ ಚುಚ್ಚುತ್ತದೆ. ಹತ್ತು ಹನ್ನೆರಡು ವರ್ಷದ ಹಿಂದೆ ಒಮ್ಮೆ ಕೊಟ್ಟು ನೋಡಿದ್ದೆವು, ತಿಂಗಳು ತುಂಬುವುದರೊಳಗೆ ಎಲ್ಲರ ಚಾಕುವೂ ಲಾಕರು ಸೇರಿತ್ತು. ಲಾಕರಿನಲ್ಲಿರುವ ಚಾಕು ಅಂಗಡಿಯಲ್ಲಿದ್ದರೂ ಒಂದೇ.

ಮಡಚುವ ಚಾಕು ಸದಾ ಜೇಬಿನಲ್ಲಿರುತ್ತದೆ. ಆದರೆ ಅದಕ್ಕೊಂದು ಕೀಲು. ಉಪ್ಪು, ಮರಳು, ತುಕ್ಕು ಎಲ್ಲಕ್ಕೂ ಅದೇ ತವರುಮನೆ. ಅಲಗಿನ ಪಕ್ಕದ ಸಣ್ಣ ಗುಂಡಿಗೆ ಹೆಬ್ಬೆರಳು ಕೊಟ್ಟು ತಳ್ಳಿದರೆ ಒಂದೇ ಕೈಯಲ್ಲಿ ತೆರೆದುಕೊಳ್ಳಬೇಕು. ತೆರೆದುಕೊಳ್ಳುತ್ತದೆ. ನಾನು ನೋಡಿಕೊಳ್ಳುವ ಚಾಕು ತೆರೆದುಕೊಳ್ಳುತ್ತದೆ.

ಡೆಕ್ ಮೇಸ್ತ್ರಿ ಬಾಗಿಲಲ್ಲಿ ನಿಂತು ತಲೆ ಕೆರೆದುಕೊಂಡ. ಅಂದು ಡೆಕ್ಕಿನ ಆ ತುದಿಯಲ್ಲಿ ಇದ್ದವನು ಅವನೇ. ಓಡಿ ಬರುವಾಗ ಜಾರಿ ಬಿದ್ದು ಮೊಣಕಾಲು ಒಡೆದುಕೊಂಡಿದ್ದಾನೆ, ಇನ್ನೂ ಕುಂಟುತ್ತಾನೆ.

“ಚಾಕು ಮಾಮ, ಮಡಚೋದು ಕೆಲವೊಂದ್ಸಲ ಸ್ವಲ್ಪ...”

“ಸ್ವಲ್ಪ ಏನು?”

“ಏನಿಲ್ಲ ಬಿಡಿ.”

“ಕುಣೀಲಾರದೋಳು ನೆಲ ಡೊಂಕು ಅಂದ್ಲಂತೆ. ಹೋಗಿ ಕೆಲಸ ನೋಡು.”

ಹೋದ. ನನ್ನ ಮೂಗಿನ ತುದಿಯಲ್ಲೇ ಕೋಪ ಅನ್ನುತ್ತಾರೆ, ಅನ್ನಲಿ. ಹಿಂದೆ ಒಬ್ಬ, ಹಗ್ಗ ಸುತ್ತುವ ವಿಂಚಿನವನು, ನಾಲ್ಕು ಜನರ ಮುಂದೆ ನನ್ನ ಮಸೆತ ಮೊಂಡು ಅಂದಿದ್ದ. ಆರು ತಿಂಗಳು ಅವನ ಜೊತೆ ಮಾತು ಬಿಟ್ಟೆ, ಅವನ ಚಾಕುವನ್ನು ಪಕ್ಕದವನ ಕೈಯಲ್ಲಿ ಕೊಡುತ್ತಿದ್ದೆ. ಅದಾದ ಮೇಲೆ ಈ ಜೆಟ್ಟಿಯಲ್ಲಿ ನನ್ನ ಕೆಲಸದ ಮೇಲೆ ಒಂದೇ ಒಂದು ದೂರು ಬಂದಿಲ್ಲ.

ಮಾರ್ಚ್ 8, ಶನಿವಾರ

ಮಗಳು ನಮ್ಮ ಮನೆಯಲ್ಲೇ ಇದ್ದಾಳೆ. ಮುಂದಿನ ಕೋಣೆಯನ್ನು ಬಿಟ್ಟುಕೊಟ್ಟಿದ್ದೇವೆ. ಅಮ್ಮನ ಜೊತೆ ಮಾತಾಡುತ್ತಾಳೆ, ನಾನು ಒಳಗೆ ಹೋದರೆ ಎದ್ದು ಏನಾದರೂ ಕೆಲಸ ಹುಡುಕಿಕೊಳ್ಳುತ್ತಾಳೆ. ಮುಖ ಕೊಟ್ಟು ಮಾತಾಡಿ ಎಷ್ಟು ದಿನವಾಯಿತೋ. ಅವಳಿಗೆ ಏನಾದರೂ ಅನುಮಾನವೇ? ಅನುಮಾನ ಪಡಲು ಏನಿದೆ? ಈ ಸಾಲು ಯಾಕೆ ಬರೆದೆನೋ.

ಮಧ್ಯಾಹ್ನ ಊಟಕ್ಕೆ ಕೂತಿದ್ದಾಗ ಹೆಂಡತಿ ಕೇಳಿದಳು, “ಎಡಗೈ ಯಾಕೆ ಬೆನ್ನ ಹಿಂದೆ ಇಟ್ಕೊಂಡಿದೀರಾ? ಶಾಲೇಲಿ ಮೇಷ್ಟ್ರು ನಿಲ್ಸಿದ್ದಾರಾ?”

ನೋಡಿಕೊಂಡೆ. ಹೌದು, ಬೆನ್ನ ಹಿಂದೆ ಇತ್ತು. ಮಗಳು ತಟ್ಟೆಯಿಂದ ತಲೆ ಎತ್ತದೆ, “ಹೆಬ್ಬೆರಳೂ ಹಾಗೇ. ನಿದ್ದೇಲೂ ಆಡಿಸ್ತಿರ್ತಾರೆ ಅಂತ ನೀನೇ ಹೇಳ್ತಿದ್ಯಲ್ಲಮ್ಮ,” ಅಂದಳು. ನನ್ನ ಬಲಗೈ ಹೆಬ್ಬೆರಳಿನ ಮೇಲೆ ಬೊಬ್ಬೆ ಎದ್ದಿದೆ. ಈಚೆಗೆ ಮಸೆಯುವ ಕೆಲಸ ಜಾಸ್ತಿ.

ಮಾರ್ಚ್ 11, ಮಂಗಳವಾರ

ಊಹೆಯ ಮೇಲೆ ವರದಿ ಬರೆಯುವವನು ನಾನಲ್ಲ. ಒಂದು ದೋಣಿ ಇಂದು ರಿಪೇರಿಗೆಂದು ದಡದಲ್ಲಿತ್ತು, ಅದರವರ ಏಳು ಚಾಕು ತರಿಸಿಕೊಂಡೆ. ಸ್ಟೋರಿನಲ್ಲಿರುವ ಹೊಸ ಆರನ್ನೂ ಸೇರಿಸಿದೆ. ಊಟದ ಹೊತ್ತಿನಲ್ಲಿ ಬಾಗಿಲು ಹಾಕಿ, ಎಡಗೈ ಮಣಿಕಟ್ಟನ್ನು ಎಳೆಹಗ್ಗದ ತುಂಡಿನಿಂದ ಬೆಂಚಿನ ಇಕ್ಕಳಕ್ಕೆ ಕಟ್ಟಿಕೊಂಡೆ. ಬಲಗೈಗೆ ಒದ್ದೆ ಗ್ಲೌಸು. ಜೇಬಿನಿಂದ ತೆಗೆದು, ತೆರೆದು, ಹಗ್ಗ ಕೊಯ್ಯಬೇಕು. ಗಡಿಯಾರ ಎದುರಿಗೆ.

ಅತಿ ನಿಧಾನವಾದದ್ದು ಐದು ಸೆಕೆಂಡು. ಮಿಕ್ಕವು ಮೂರು, ನಾಲ್ಕು. ಒರೆ ಚಾಕು ಎರಡು.

ಸುರುಳಿ ಬಿಗಿದಾಗಿನಿಂದ ಕಟಕಟೆಯವರೆಗೆ ಎಂಟು ಸೆಕೆಂಡು ಇತ್ತು ಅಂತ ಮೇಸ್ತ್ರಿ ಪೊಲೀಸರಿಗೆ ಹೇಳಿದ್ದಾನೆ. ಅಳಿಯನ ಬಲಗೈ ಕೂಡಲೇ ಜೇಬಿಗೆ ಹೋಯಿತಂತೆ, ಚಾಕು ಹೊರಗೆ ಬಂತಂತೆ. ಆಮೇಲೆ ಅವನ ಬೆನ್ನು ಈ ಕಡೆ ತಿರುಗಿತಂತೆ, ಕೈ ಕಾಣಲಿಲ್ಲವಂತೆ.

ಎಂಟು ಸೆಕೆಂಡು ಸಾಕಿತ್ತು. ಹಾಗಾದರೆ

ಮಾರ್ಚ್ 12, ಬುಧವಾರ

ತಿಂಗಳಾಯಿತು. ಕೆಲಸಕ್ಕೆ ಹೋಗಿ ಬಂದೆ.

ಮಾರ್ಚ್ 14, ಶುಕ್ರವಾರ

ಪೊಲೀಸರು ಒಂಬತ್ತನೇ ನಂಬರನ್ನು ಹಾಕಿ ವಾಪಸು ಕೊಟ್ಟ ಪ್ಲಾಸ್ಟಿಕ್ ಚೀಲ ನನ್ನ ಮೂರನೇ ಡ್ರಾಯರಿನಲ್ಲೇ ಇದೆ. ವಿಚಾರಣಾ ಸಮಿತಿ ಕೇಳುವ ತನಕ ಸ್ಟೋರಿನಲ್ಲಿರಲಿ ಅಂದಿದ್ದರು ಮ್ಯಾನೇಜರು. ಇಷ್ಟು ದಿನ ಆ ಡ್ರಾಯರನ್ನು ನಾನು ತೆಗೆದಿಲ್ಲ. ಅದರಲ್ಲಿರುವ, ಮಸೆಯುವ ಎಣ್ಣೆಗಲ್ಲಿಗೆ ಬದಲು ಹೊಸದೊಂದನ್ನು ಬಳಸುತ್ತಿದ್ದೇನೆ.

ಇವತ್ತು ತೆಗೆದೆ.

ಇಕ್ಕಳಕ್ಕೆ ಕೈ ಕಟ್ಟಿಕೊಂಡೆ. ಗುಂಡಿಗೆ ಹೆಬ್ಬೆರಳು ಕೊಟ್ಟೆ. ಬರಲಿಲ್ಲ. ಇನ್ನೊಮ್ಮೆ ಕೊಟ್ಟೆ. ಅಲಗಿನ ಬೆನ್ನಿಗೆ ಉಗುರು ಸಿಕ್ಕಿಸಿ ಎತ್ತಲು ನೋಡಿದೆ. ಗಡಿಯಾರ ನೋಡುವುದು ಮರೆತುಹೋಯಿತು. ಕಟ್ಟು ಬಿಚ್ಚಿ ಎರಡೂ ಕೈ ಹಾಕಿದ ಮೇಲೆ ತೆರೆಯಿತು, ಅದೂ ಮುನಿಸಿಕೊಂಡ ಹಾಗೆ, ಇಷ್ಟಿಷ್ಟೇ.

ಆಸ್ಪತ್ರೆಯಲ್ಲಿ ಗುರುತು ಹಿಡಿಯಲು ನನ್ನನ್ನೇ ಕರೆದಿದ್ದರು. ಅವನ ಬಲಗೈ ಹೆಬ್ಬೆರಳಿನ ಉಗುರು ನಡುಮಧ್ಯೆ ಸೀಳಿತ್ತು. ಕಟಕಟೆಗೆ ಬಡಿದಿರಬೇಕು ಅಂದುಕೊಂಡೆ. ಅಂದುಕೊಳ್ಳಲು ಬಹಳ ಕಷ್ಟಪಟ್ಟೆ.

ಉಪ್ಪುನೀರಿಗೆ ಬಿದ್ದ ಚಾಕು, ತುಕ್ಕು ಹಿಡಿದು ಬಿಗಿಯಾಗಿದೆ. ಹಾಗೂ ಇರಬಹುದು. ಆದರೆ ದೀಪದ ಕೆಳಗೆ ಹಿಡಿದು ನೋಡಿದೆ, ಕೀಲಿನಲ್ಲಿ ತುಕ್ಕಿಲ್ಲ. ಫೆಬ್ರುವರಿ ಮೂರರಂದು ನಾನು ಹಾಕಿದ ಎಣ್ಣೆ ಇನ್ನೂ ಹಾಗೇ ಇದೆ.

ಫೆಬ್ರುವರಿ ಮೂರು ಚಾಕು ದಿನ. ಅವನದರ ಅಲಗು ಕೂದಲೆಳೆಯಷ್ಟು ಅಲುಗುತ್ತಿತ್ತು. ಬೇರೆಯವರದಾಗಿದ್ದರೆ ಸ್ಕ್ರೂ ಮಾಮೂಲಿಗೆ ತಿರುಗಿಸಿ ಬಿಡುತ್ತಿದ್ದೆ. ಅಳಿಯನದು, ಅಲಗು ಜಾರಿ ಬೆರಳಿಗೆ ಬಿದ್ದುಗಿದ್ದೀತು ಅಂತ ಇನ್ನೂ ಕಾಲು ಸುತ್ತು ತಿರುಗಿಸಿದೆ. ಸಡಿಲವಾಗದಿರಲಿ ಅಂತ ಸ್ಕ್ರೂಗೆ ಒಂದು ತೊಟ್ಟು ನೀಲಿ ಅಂಟೂ ಬಿಟ್ಟೆ. ಉಳಿದ ಹದಿಮೂರಕ್ಕೆ ಬಿಡಲಿಲ್ಲ. ತೆರೆದು ನೋಡಿದೆನೇ? ನೋಡಿದೆ. ಬೆಂಚಿನ ಮೇಲೆ, ಆರಾಮಾಗಿ ಕೂತು, ಎರಡೂ ಕೈಯಲ್ಲಿ.

ಮಾರ್ಚ್ 17, ಸೋಮವಾರ

ವರದಿಯ ಕರಡು ಬರೆದೆ. ಶಿಫಾರಸು: ಒರೆ ಚಾಕು. ಕಾರಣ: ಮಡಚುವ ಚಾಕುವಿನ ಕೀಲು ಕಠಿಣ ಬಳಕೆಯಲ್ಲಿ ನಂಬಲರ್ಹವಲ್ಲ, ಮರಳು ಮತ್ತು ಉಪ್ಪಿನಿಂದ ಬಿಗಿಯಾಗುವ ಸಾಧ್ಯತೆ ಇರುತ್ತದೆ.

ಒಂದೂ ಸುಳ್ಳಲ್ಲ. ಎರಡು ಸಲ ಓದಿದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಇದನ್ನು ಕೊಟ್ಟರೆ ಮಡಚುವ ಚಾಕುವಿನ ಜಾತಿಗೇ ಬರೆ ಬೀಳುತ್ತದೆ, ಎಲ್ಲವನ್ನೂ ಒಂದು ಡಬ್ಬಕ್ಕೆ ಹಾಕಿ ಕಳಿಸುತ್ತಾರೆ, ಒಂಬತ್ತೂ ಅದರಲ್ಲೇ ಹೋಗುತ್ತದೆ. ನನ್ನ ಕಾಲು ಸುತ್ತೂ ಹೋಗುತ್ತದೆ.

ಓಣಿಯಲ್ಲಿ ಇಂದು ಮತ್ತೆ ಟಕ್ ಕೇಳಿಸಿತು. ಎದ್ದು ಹೋಗಿ ನೋಡಿದೆ. ಯಾರೂ ಇರಲಿಲ್ಲ. ಚಾಕು ದಿನವೂ ಅಲ್ಲ.

ಮಾರ್ಚ್ 18, ಮಂಗಳವಾರ

ಸ್ಕ್ರೂ ಕಾಲು ಸುತ್ತು ಬಿಚ್ಚಿದೆ. ಬರೇ ಪರೀಕ್ಷೆಗೆ. ಅಂಟು ಬಿರಿದು ನೀಲಿ ಪುಡಿಯಾಗಿ ಬೆಂಚಿನ ಮೇಲೆ ಉದುರಿತು.

ಒಂದೇ ಬೆರಳಿಗೆ ತೆರೆಯಿತು. ಟಕ್.

ಪುಡಿ ಒರೆಸಿದೆ. ಚಾಕು ಚೀಲಕ್ಕೆ ಹಾಕಿದೆ. ಮತ್ತೆ ಬಿಗಿ ಮಾಡಿಡಬೇಕು ಅಂದುಕೊಂಡೆ, ಅಷ್ಟರಲ್ಲಿ ಯಾರೋ ಹಗ್ಗ ಕೇಳಿಕೊಂಡು ಬಂದರು.

ಮಾರ್ಚ್ 20, ಗುರುವಾರ

ಮ್ಯಾನೇಜರು ಬಂದು ಚೀಲ ಕೇಳಿದರು. ಸಮಿತಿಯವರು ಸೋಮವಾರದ ಮೇಲೆ ಕೂರುತ್ತಾರಂತೆ. ಚೀಲದಿಂದ ಚಾಕು ತೆಗೆದು, ಗುಂಡಿಗೆ ಬೆರಳು ಕೊಟ್ಟರು. ಅವರ ಕೈ ಪೆನ್ನಿಗಿಂತ ಭಾರದ್ದನ್ನು ಹಿಡಿದದ್ದಲ್ಲ. ಅವರಿಗೂ ತೆರೆಯಿತು.

“ನೋಡಿ, ಬೆಣ್ಣೇಲಿ ಕೂದ್ಲು ತೆಗ್ದಂಗೆ ಬರುತ್ತೆ. ಚಾಕು ತಪ್ಪೇನಿಲ್ಲ. ಪಾಪ, ಗಾಬರಿ ಬಿದ್ದಿದ್ದಾನೆ. ‘ಗಾಬರಿಯಿಂದ ಚಾಕು ತೆರೆಯಲಿಲ್ಲ’ ಅಂತ ಬರೀಬೇಕಾಗುತ್ತೆ. ನಿಮಗೆ ಬೇಜಾರಿಲ್ಲ ತಾನೆ?”

ನಾನು ಏನಂದೆ? ತಲೆ ಆಡಿಸಿದೆ. ಅಡ್ಡಡ್ಡವೋ ಉದ್ದುದ್ದವೋ ನನಗೇ ಗೊತ್ತಿಲ್ಲ. ಅವರು ಭುಜ ತಟ್ಟಿ ಹೋದರು. ಚಾಕುವನ್ನು ಕೌಂಟರಿನ ಮೇಲೆ ತೆರೆದೇ ಬಿಟ್ಟು ಹೋಗಿದ್ದರು.

ಮಾರ್ಚ್ 21, ಶುಕ್ರವಾರ

ಜೆಟ್ಟಿಯ ಮಾತಿಗೆ ಕಾಲಿದೆ, ನನಗಿಂತ ಮೊದಲೇ ಮನೆ ತಲುಪಿತ್ತು. ಚಪ್ಪಲಿ ಬಿಡುವುದರೊಳಗೆ ಮಗಳು ಬಾಗಿಲಲ್ಲಿ ನಿಂತಿದ್ದಳು. ಇಷ್ಟು ದಿನದ ಮೇಲೆ ನೇರ ನನ್ನ ಮುಖ ನೋಡಿದಳು.

“ಅವ್ರು ಗಾಬರಿ ಬಿದ್ರು ಅಂತ ಬರೀತಾರಂತೆ, ಹೌದಾ?”

“ಮ್ಯಾನೇಜರು ಹಾಗೆ ಅಂದ್ರು.”

“ಅವ್ರು ಗಾಬರಿ ಬೀಳೋರಲ್ಲ ಅಪ್ಪ. ಸ್ಟೋವ್‌ಗೆ ಬೆಂಕಿ ಹತ್ಕೊಂಡಾಗ ನಾನು ಕಿರುಚ್ತಿದ್ರೆ, ಅವ್ರು ಒದ್ದೆ ಗೋಣಿ ಹಾಕಿ ‘ಕಾಫಿ ಇನ್ನೂ ಇದೆಯಾ’ ಅಂತ ಕೇಳಿದೋರು. ಅವ್ರ ಬಗ್ಗೆ ಕೊನೇ ಮಾತು ಅಂತ ಇರೋದು ಅದೊಂದು ಕಾಗದ. ಅದ್ರಲ್ಲಿ ಗಾಬರಿ ಅಂತ ಇರುತ್ತೆ. ನೀವು ಅಲ್ಲೇ ಇದ್ರಿ, ಏನೂ ಅನ್ಲಿಲ್ವಾ?”

“ಚಾಕು ಸರಿಯಾಗೇ ತೆರೀತು, ಅವ್ರ ಕೈಗೆ.”

“ತೆರೀತಾ?”

ಅವಳು ಕೇಳಿದ ರೀತಿ ನನಗೆ ಅರ್ಥವಾಗಲಿಲ್ಲ. ಗೋಡೆಗೆ ಕೈ ಕೊಟ್ಟು ನಿಂತಳು. ಆಮೇಲೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಮಾರ್ಚ್ 22, ಶನಿವಾರ

ಅಳಿಯ ನನ್ನನ್ನು ‘ಮಾವ’ ಅನ್ನುತ್ತಿದ್ದ, ಒಮ್ಮೆಯೂ ಎದುರಾಡಿದವನಲ್ಲ. ಚಾಕು ದಿನ ಎಲ್ಲರಿಗಿಂತ ಕೊನೆಗೆ ಬರುತ್ತಿದ್ದ. ಕೊಟ್ಟಿದ್ದನ್ನು ಕಣ್ಣಿಗೊತ್ತಿಕೊಳ್ಳುವ ಹಾಗೆ ಮಾಡಿ ನಗುತ್ತಿದ್ದ. ನನ್ನನ್ನು ಛೇಡಿಸುವ ಧೈರ್ಯ ಇದ್ದದ್ದು ಅವನೊಬ್ಬನಿಗೆ. ಆ ದಿನ ತಿರುವಿನಾಚೆ ಅವನ ಟಕ್ ಕೇಳಿಸಿತ್ತೇ? ಬೆಳಗಿನಿಂದ ನೆನಪು ಮಾಡಿಕೊಳ್ಳುತ್ತಿದ್ದೇನೆ. ಆಗ ನಾನು ಎಣಿಸುತ್ತಿರಲಿಲ್ಲ.

ಮಾರ್ಚ್ 23, ಭಾನುವಾರ

ಆಗದು. ಉಗುಳಲೂ ಆಗದು, ನುಂಗಲೂ ಆಗದು.

ಮಾರ್ಚ್ 24, ಸೋಮವಾರ

ಹೇಳಿದೆ.

ಕೆಲಸಕ್ಕೆ ಹೋಗಲಿಲ್ಲ. ಮೂವತ್ತೊಂದು ವರ್ಷದಲ್ಲಿ ಕಾರಣ ಹೇಳದೆ ತಪ್ಪಿಸಿದ್ದು ಇದೇ ಮೊದಲು. ಹೆಂಡತಿ ಪೇಟೆಗೆ ಹೋಗಿದ್ದಳು. ಮಗಳು ಹಿಂದಿನ ಜಗುಲಿಯಲ್ಲಿ ಅವನ ಅಂಗಿಗಳನ್ನು ಮಡಿಸುತ್ತಿದ್ದಳು. ಕೊಡುವುದೋ ಇಟ್ಟುಕೊಳ್ಳುವುದೋ ತೀರ್ಮಾನವಾಗದೆ ವಾರಕ್ಕೊಮ್ಮೆ ಮಡಿಸುತ್ತಾಳೆ. ನಾನು ಎದುರಿನ ಮೆಟ್ಟಿಲ ಮೇಲೆ ಕೂತು ಎಲ್ಲ ಹೇಳಿದೆ. ಕಾಲು ಸುತ್ತು, ನೀಲಿ ಅಂಟು, ಉಗುರು. ಹದಿನೆಂಟರಂದು ಬಿಚ್ಚಿದ್ದು, ಪುಡಿ ಒರೆಸಿದ್ದು, ಮ್ಯಾನೇಜರ ಮುಂದೆ ಬಾಯಿ ಹೊಲಿದುಕೊಂಡದ್ದು. ಅವಳು ಎದ್ದು ಹೊಡೆಯಬಹುದು, ಇಲ್ಲವೇ ಬಟ್ಟೆ ಕಟ್ಟಿಕೊಂಡು ಹೊರಟುಬಿಡಬಹುದು ಅಂದುಕೊಂಡಿದ್ದೆ. ಒಬ್ಬಳೇ ಮಗಳು. ಹೋದರೆ ಹೋಗಲಿ ಅಂತ ಗಟ್ಟಿ ಮಾಡಿಕೊಂಡೇ ಕೂತಿದ್ದೆ.

ಅವಳು ಅಂಗಿಯ ತೋಳನ್ನು ಮಡಿಸಿ, ಬಿಚ್ಚಿ, ಮತ್ತೆ ಮಡಿಸಿದಳು.

“ಬಿಗಿ ಆಗಿದೆ ಅಂತ ನಂಗೊತ್ತಿತ್ತು,” ಅಂದಳು.

ನನಗೆ ತಕ್ಷಣ ತಿಳಿಯಲಿಲ್ಲ.

“ಆ ಸೋಮವಾರ ಸಂಜೆ ಬಂದು ಇದೇ ತರ ಮೆಟ್ಟಿಲ ಮೇಲೆ ಕೂತು ತೆಗೀತಿದ್ರು. ಬರ್ಲಿಲ್ಲ. ‘ಮಾವ ಪ್ರೀತಿ ಜಾಸ್ತಿ ಮಾಡ್ಬಿಟ್ಟಿದ್ದಾರೆ, ನಾಳೆ ಹೋಗಿ ಸ್ವಲ್ಪ ಸಡಿಲ ಮಾಡಿಸ್ಕೊಂಡು ಬರ್ತೀನಿ’ ಅಂದ್ರು. ಬೇಡ ಅಂದೆ ಅಪ್ಪ. ನಾನೇ ಬೇಡ ಅಂದೆ. ‘ಅಪ್ಪಂಗೆ ಹೇಳಿದ್ರೆ ಆರು ತಿಂಗಳು ಮಾತು ಬಿಡ್ತಾರೆ, ಮನೆಗೂ ಬರಲ್ಲ. ಉಪಯೋಗಿಸ್ತಾ ಉಪಯೋಗಿಸ್ತಾ ತಾನೇ ಸಡಿಲ ಆಗುತ್ತೆ, ಬಿಡಿ’ ಅಂದೆ. ಅವ್ರು ನಕ್ಕು ಜೇಬಿಗೆ ಹಾಕ್ಕೊಂಡ್ರು.”

ಇಷ್ಟು ದಿನ ನನ್ನ ಮುಖ ನೋಡದಿದ್ದದ್ದು ಇದಕ್ಕೆ. ನನ್ನ ಮೇಲಿನ ಅನುಮಾನಕ್ಕಲ್ಲ. ಅವಳೂ ನನ್ನ ಹಾಗೆಯೇ ಆ ಚಾಕುವನ್ನು ದಿನಾ ತೆರೆಯುತ್ತಿದ್ದಳು, ಪಕ್ಕದ ಕೋಣೆಯಲ್ಲಿ.

“ನಿನ್ನ ತಪ್ಪಲ್ಲ,” ಅಂದೆ.

“ನಂದೂ ಇದೆ. ನಿಮ್ಮ ಸಿಟ್ಟಿಗೆ ಹೆದ್ರಿ ಹೇಳಿದ ಮಾತು ಅದು. ಚಿಕ್ಕಂದಿನಿಂದ ಹೆದರಿದ್ದೀನಿ, ಅಭ್ಯಾಸ ಆಗಿಹೋಗಿದೆ.” ಅಂಗಿಗಳನ್ನೆಲ್ಲ ಎತ್ತಿಕೊಂಡು ಎದ್ದಳು. “ಆ ಕಾಗದದಲ್ಲಿ ಗಾಬರಿ ಅಂತ ಇರಬಾರದು. ಅಷ್ಟು ಮಾಡಿ. ಮಿಕ್ಕಿದ್ದು ನಂಗೆ ಈಗ ಮಾತಾಡಕ್ಕಾಗಲ್ಲ.”

ಒಳಗೆ ಹೋದಳು. ಬಾಗಿಲು ಹಾಕಿಕೊಳ್ಳಲಿಲ್ಲ, ಆದರೆ ನಾನು ಹಿಂದೆ ಹೋಗಲಿಲ್ಲ. ಕಾಲು ಸುತ್ತಿನಿಂದ ಅವನು ಸತ್ತ ಅಂದುಕೊಂಡಿದ್ದೆ. ಅದನ್ನು ಸಡಿಲ ಮಾಡಲು ಒಂಬತ್ತು ದಿನ ಇತ್ತು. ಒಂದು ಮಾತು, ಅರ್ಧ ನಿಮಿಷದ ಕೆಲಸ. ಆ ಮಾತು ನನ್ನ ಕೌಂಟರಿನವರೆಗೆ ಬರಲು ದಾರಿಯೇ ಇರಲಿಲ್ಲ, ದಾರಿಯನ್ನು ಮುಚ್ಚಿದವನು ನಾನು.

ಮಾರ್ಚ್ 25, ಮಂಗಳವಾರ

ಮ್ಯಾನೇಜರ ಕೋಣೆಯಲ್ಲಿ ನಿಂತೇ ಹೇಳಿದೆ. ಕೂರಿ ಅಂದರೂ ಕೂರಲಿಲ್ಲ. ಅವರು ಕನ್ನಡಕ ತೆಗೆದು ಒರೆಸಿ, ಹಾಕಿಕೊಂಡು, ಮತ್ತೆ ತೆಗೆದರು.

“ಯಾರಿಗೂ ಗೊತ್ತಾಗ್ತಿರಲಿಲ್ಲ ಅಲ್ವಾ ಇದು?”

“ಇಲ್ಲ ಸಾರ್.”

“ಮತ್ತೆ ಯಾಕೆ...” ಅಂದವರು ಕಾಗದ ನನ್ನತ್ತ ಸರಿಸಿದರು. ಎಲ್ಲ ಬರೆದುಕೊಡಲು ಹೇಳಿದರು. ಬರೆದೆ. ಬಿಗಿ ಮಾಡಿದ ದಿನ, ಬಿಚ್ಚಿದ ದಿನ, ಸೀಳಿದ ಉಗುರು. ಕೊನೆಗೆ: ಈತ ಗಾಬರಿ ಬೀಳಲಿಲ್ಲ, ಎಂಟು ಸೆಕೆಂಡೂ ಪ್ರಯತ್ನಿಸಿದ್ದಾನೆ. ಸಹಿ ಹಾಕುವಾಗ ಹೆಬ್ಬೆರಳಿನ ಬೊಬ್ಬೆ ಒಡೆದು ಕಾಗದದ ಮೂಲೆ ಒದ್ದೆಯಾಯಿತು.

ಸಮಿತಿ ತೀರ್ಮಾನಿಸುವವರೆಗೆ ಸ್ಟೋರು ನೋಡಿಕೊಂಡಿರಬೇಕಂತೆ. ಆಮೇಲಿನದು ಆಮೇಲೆ.

ಮಾರ್ಚ್ 28, ಶುಕ್ರವಾರ

ಚಾಕುವಿನ ವರದಿಯನ್ನೂ ಕೊಟ್ಟೆ. ಹಳೆಯ ಕರಡು ಹರಿದು ಹಾಕಿ ಹೊಸದಾಗಿ ಬರೆದೆ. ಮಡಚುವ ಚಾಕುವಿನದು ತಪ್ಪಿಲ್ಲ, ಹದಿಮೂರರಲ್ಲಿ ಹದಿಮೂರೂ ತೆರೆದಿವೆ ಅಂತ ಮೊದಲೇ ಬರೆದೆ. ಆದರೂ ಒರೆ ಚಾಕು ಕೊಡಿ. ತುದಿ ಮೊಂಡಾಗಿರಲಿ, ಗಿಡ್ಡವಾಗಿರಲಿ, ಒರೆ ಸೊಂಟಕ್ಕಲ್ಲ, ಲೈಫ್ ಜಾಕೆಟ್ಟಿನ ಎದೆಯ ಮೇಲೆ ಹೊಲಿದಿರಲಿ. ಹಾಗಾದರೆ ಕೂತಾಗ ಚುಚ್ಚುವುದಿಲ್ಲ, ಲಾಕರಿಗೆ ಹೋಗುವುದಿಲ್ಲ, ಹಗ್ಗಕ್ಕೂ ಸಿಗುವುದು ಕಡಿಮೆ.

ಮ್ಯಾನೇಜರು ಓದಿ, “ಮಡಚೋದು ಸರಿ ಇದ್ರೆ ಬದಲಾಯಿಸೋದ್ಯಾಕೆ?” ಅಂದರು.

“ಇದರಲ್ಲಿ ಬಿಗಿ ಮಾಡೋಕೆ ಸ್ಕ್ರೂ ಇಲ್ಲ ಸಾರ್,” ಅಂದೆ.

ಮಾರ್ಚ್ 31, ಸೋಮವಾರ

ಸಮಿತಿಯ ಕಾಗದದಲ್ಲಿ ಗಾಬರಿ ಅನ್ನುವ ಪದ ಇಲ್ಲ. ಪ್ರತಿಯನ್ನು ಮನೆಗೆ ತಂದು ಮಗಳ ಕೋಣೆಯ ಮೇಜಿನ ಮೇಲಿಟ್ಟೆ. ಓದಿದಳಂತೆ. ನನ್ನ ಬಗ್ಗೆ ಬೇರೆ ಕಾಗದ ಬರುತ್ತದಂತೆ, ಇನ್ನೂ ಬಂದಿಲ್ಲ.

ಏಪ್ರಿಲ್ 7, ಸೋಮವಾರ

ಚಾಕು ದಿನ. ಹೊಸ ಜಾಕೆಟ್ಟು, ಹೊಸ ಒರೆ, ಹೊಸ ಚಾಕು. ಒರೆಗಳನ್ನು ನಾನೇ ಹೊಲಿದೆ, ನಾಲ್ಕು ದಿನ ಹಿಡಿಯಿತು. ಹದಿಮೂರು ಜನರನ್ನೂ ಕೌಂಟರಿನ ಮುಂದೆ ಸಾಲಾಗಿ ನಿಲ್ಲಿಸಿ ಹೇಳಿದೆ.

“ಇಲ್ಲೇ, ನನ್ನ ಮುಂದೆ ಎಳೆದು ನೋಡಿ. ಗ್ಲೌಸ್ ಹಾಕ್ಕೊಂಡು, ಒಂದೇ ಕೈಲಿ. ಏನಿದ್ರೂ ಹೇಳಿ.”

ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೇಸ್ತ್ರಿ ಮೊದಲು ಬಂದ. ಎಳೆದ, ಹಾಕಿದ. “ಚೆನ್ನಾಗಿದೆ ಮಾಮ.” ಆಮೇಲಿನವನೂ ಅಷ್ಟೇ. ಕೆಲವರು ಅರ್ಧ ಎಳೆದು ವಾಪಸು ಹಾಕಿದರು. ಇಬ್ಬರು ಹಿಡಿಯನ್ನು ಮುಟ್ಟಿ ಕೈಬಿಟ್ಟರು. ಹದಿಮೂರು ಜನ. ಹದಿಮೂರು ಸಲ ಚೆನ್ನಾಗಿದೆ.

ನಾನು ಹೊಲಿದದ್ದು ಹದಿಮೂರೂ ಚೆನ್ನಾಗಿರಲು ಸಾಧ್ಯವಿಲ್ಲ. ಆರನೆಯದರ ದಾರ ಸಾಲದೆ ಗಂಟು ಹಾಕಿದ್ದು ನನಗೇ ಗೊತ್ತು. ಇವರಲ್ಲಿ ಯಾರು ಮನೆಗೆ ಹೋಗಿ ಮೆಟ್ಟಿಲ ಮೇಲೆ ಕೂತು ಎಳೆಯುತ್ತಾರೋ, ಯಾರ ಹೆಂಡತಿ ಬಿಡಿ ಅನ್ನುತ್ತಾಳೋ.

“ನಾಳೆ ಸಂಜೆ ಒಳಗೆ ಪ್ರತಿಯೊಬ್ರೂ ಬಂದು ಒಂದು ಹುಳುಕು ಹೇಳ್ಬೇಕು,” ಅಂದೆ. “ಹೇಳದೇ ಇರೋರ ಜೊತೆ ಮಾತು ಬಿಡ್ತೀನಿ.”

ನಗಲಿ ಅಂತ ಹೇಳಿದ್ದು. ಯಾರೂ ನಗಲಿಲ್ಲ.

ಏಪ್ರಿಲ್ 8, ಮಂಗಳವಾರ

ಬೆಳಗಿನಿಂದ ಬಾಗಿಲು ತೆರೆದೇ ಇಟ್ಟಿದ್ದೆ. ಮಧ್ಯಾಹ್ನದವರೆಗೆ ಯಾರೂ ಬರಲಿಲ್ಲ. ಮೂರು ಗಂಟೆಗೆ ಮೌನಿ ಬಂದ. ಎರಡನೇ ದೋಣಿಯವನು, ದಿನಕ್ಕೆ ಹತ್ತು ಮಾತು ಆಡಿದರೆ ಹೆಚ್ಚು, ಅದಕ್ಕೇ ಆ ಹೆಸರು. ಕೌಂಟರಿನಿಂದ ಎರಡು ಹೆಜ್ಜೆ ದೂರದಲ್ಲಿ ನಿಂತ.

“ಮಾಮ, ಒರೆ ಈ ಕಡೆ ಇದೆ.”

“ಹೌದು. ಬಲಗೈಗೆ ಸಿಗೋ ಹಾಗೆ.”

“ನಂದು ಎಡಗೈ.”

ನಾನು ಅವನ ಕೈಗಳನ್ನು ನೋಡಿದೆ.

“ಮಡಚೋ ಚಾಕೂನೂ? ಅದರ ಗುಂಡೀನೂ ಬಲಗೈಯವರಿಗೇ ಇದ್ದಿದ್ದು.”

“ಹೂಂ. ಅದು ಎಡಗೈಲಿ ತೆರೀತಿರಲಿಲ್ಲ. ಬಲಗೈಲಿ ನಂಗೆ ಬರಲ್ಲ.”

“ನೀನು ಬಂದು ಎಷ್ಟು ವರ್ಷ ಆಯ್ತು?”

“ಹನ್ನೊಂದು.”

ಹನ್ನೊಂದು ವರ್ಷ, ತಿಂಗಳಿಗೊಮ್ಮೆ, ಅವನು ಒಂದೇ ಕೈಯಲ್ಲಿ ತೆರೆಯಲಾಗದ ಚಾಕುವನ್ನು ನಾನು ಮಸೆದು ಮಸೆದು ಕೈಗೆ ಕೊಟ್ಟಿದ್ದೇನೆ. ಅವನು ತಲೆ ತಗ್ಗಿಸಿ ತೆಗೆದುಕೊಂಡು ಹೋಗಿದ್ದಾನೆ.

“ಜಾಕೆಟ್ ಬಿಚ್ಚು,” ಅಂದೆ.

ಹೊಲಿಗೆ ಕಿತ್ತು ಒರೆಯನ್ನು ಇನ್ನೊಂದು ಕಡೆಗೆ ಹೊಲಿದೆ. ಅವನು ಹಾಕಿಕೊಂಡು ಎಳೆದ. “ಸ್ವಲ್ಪ ಹಿಡೀತಿದೆ,” ಅಂದ. ಹೇಳಿ ನನ್ನ ಮುಖ ನೋಡಿದ. ಮತ್ತೆ ಕಿತ್ತೆ, ಮತ್ತೆ ಹೊಲಿದೆ. ಮೂರನೇ ಸಲಕ್ಕೆ ಸರಿಯಾಗಿ ಬಂತು. ಅದನ್ನೂ ನಂಬದೆ, ಅವನ ಬಲಗೈಯನ್ನು ಇಕ್ಕಳಕ್ಕೆ ಕಟ್ಟಿ ಎಳೆಸಿದೆ.

ಅವನು ಹೋದ ಮೇಲೂ ಬಾಗಿಲು ಹಾಕಲಿಲ್ಲ. ಐದೂವರೆಯಾಯಿತು. ಇನ್ನು ಹನ್ನೆರಡು ಜನ ಬರಬೇಕು.